ಅಂಗಡಿ ಕಟ್ಟೆಯಿಂದ: ಮಾದರಿಯೂ ಮಾಲೂ



ಅಡತಿ ವ್ಯಾಪಾರದಲ್ಲಿ ಮಾದರಿ ಎಂದರೇನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮುಷ್ಟಿ ತೊಗರಿಯನ್ನು ಕಾಗದದ ಮೇಲೆ ಹರವಿ ತೋರಿಸುತ್ತೇವೆ. ಚೀಲ ಬಿಚ್ಚಿದಾಗ ಅದೇ ಕಾಳು ಬರಬೇಕು. ಬಾರದಿದ್ದರೆ ಗಿರಾಕಿ ಮತ್ತೆ ನಮ್ಮ ಕಟ್ಟೆ ಹತ್ತುವುದಿಲ್ಲ. ಇಷ್ಟು ತಿಳಿದ ನಾವೇ ಹೋದ ದೀಪಾವಳಿಯಲ್ಲಿ ಹತ್ತು ವರ್ಷದ ಮೊಮ್ಮಗನ ಮುಂದೆ ತಪ್ಪಿದೆವು.

ನಮ್ಮ ಮನೆಯವರ ಅಣ್ಣನ ಮಗ ಅಮೇರಿಕೆಯಿಂದ ಬರುವಾಗ ಹುಡುಗನಿಗೆ ಗೇಣುದ್ದದ ರೈಲು ಇಂಜಿನ್ ತಂದಿದ್ದ. ಆಲ್ಕೊ ಕಂಪನಿಯ ಆರ್‌ಎಸ್-3 ಎಂಬ ಡೀಸೆಲ್ ಇಂಜಿನ್ನಿನ ಮಾದರಿ ಅದು. "ಅಜ್ಜಾ, ನಮ್ಮ ಸೊಲ್ಲಾಪುರಕ್ಕ ಬರ್ತಿದ್ದ ಇಂಜಿನ್ ಇದೇ ಏನ್ರಿ?" ಎಂದು ಕೇಳಿದ. ಕೀರ್ದಿ ಬರೆಯುತ್ತಿದ್ದ ನಾವು ತಲೆ ಎತ್ತದೆ "ಹೌದಪ್ಪಾ, ಅದೇ" ಎಂದೆವು. ಹುಡುಗ ಸಾಲೆಯಲ್ಲೆಲ್ಲ ಹೇಳಿಕೊಂಡು ಬಂದ.

ವಾರ ಕಳೆದ ಮೇಲೆ ಒಂದು ಹಳೆಯ ಫೋಟೋ ಹಿಡಿದು ಬಂದ. 1988ರಲ್ಲಿ ನಮ್ಮ ತಂಗಿಯ ಮದುವೆ ದಿಬ್ಬಣ ಸೊಲ್ಲಾಪುರ ಸ್ಟೇಶನ್ನಿನಲ್ಲಿ ಇಂಜಿನ್ ಪಕ್ಕಕ್ಕೆ ನಿಂತು ತೆಗೆಸಿಕೊಂಡದ್ದು. "ಇದಕ್ಕ ಮುಂದ ಮೂರು, ಹಿಂದ ಮೂರು ಗಾಲಿ ಅದಾವ. ನನ್ನದಕ್ಕ ಎರಡೆರಡೇ ಅದಾವ. ನೀವು ಅದೇ ಅಂದಿದ್ರಿ."

ನಮಗೆ ಮಾತು ಹೊರಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹೀಗೆ ಹೇಳಿದ್ದರೆ ನಮ್ಮ ತಂದೆಯವರು ಗಲ್ಲೆಯ ಮೇಲಿಂದ ಎಬ್ಬಿಸುತ್ತಿದ್ದರು.

ಆ ಭಾನುವಾರ ಅಮೇರಿಕೆಗೆ ಫೋನು ಮಾಡಿ, ಡಬ್ಬಿಯಲ್ಲಿದ್ದ ಕಾಗದ ಓದಿಸಿ, ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಆಲ್ಕೊದ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿತ್ತು. ಆರ್‌ಎಸ್-3 ಇಂಜಿನ್ ಅಲ್ಲಿ 1950ರಿಂದ ತಯಾರಾಯಿತು. ಶಕ್ತಿ 1600 ಅಶ್ವಶಕ್ತಿ, ಗಾಲಿ ನಾಲ್ಕು ಜೋಡಿ. ನಮ್ಮ ಕಡೆ ಓಡಿದ್ದು ಅದೇ ಕಂಪನಿಯ ಬೇರೆ ಇಂಜಿನ್, ಡಬ್ಲ್ಯುಡಿಎಂ-2. ಅದಕ್ಕೆ 2600 ಅಶ್ವಶಕ್ತಿ, ಆರು ಜೋಡಿ ಗಾಲಿ. 1962ರಲ್ಲಿ ಮೊದಲು ಅಮೇರಿಕೆಯಿಂದಲೇ ಬಂತು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ಕಟ್ಟತೊಡಗಿದರು. 1969ರಲ್ಲಿ ಆಲ್ಕೊ ರೈಲು ಇಂಜಿನ್ ಮಾಡುವುದನ್ನೇ ನಿಲ್ಲಿಸಿತು. ಮೂಲ ಪೇಢಿ ಬಾಗಿಲು ಹಾಕಿದರೂ ವಾರಾಣಸಿಯ ಕೆಲಸ ಮುಂದೆ ಎಷ್ಟೋ ವರ್ಷ ನಡೆಯಿತು.

ಇನ್ನು ಅಳತೆ. ಹುಡುಗನ ಇಂಜಿನ್ ನಿಜವಾದದ್ದರ 87ರಲ್ಲಿ ಒಂದು ಪಾಲು. ಅಮೇರಿಕೆಯ ಹಳಿಗಳ ನಡುವಿನ ಅಗಲ 1435 ಮಿಲಿಮೀಟರ್. 87ರಿಂದ ಭಾಗಿಸಿದರೆ ಹದಿನಾರೂವರೆ. ಆಟಿಕೆಯ ಹಳಿಯೂ ಅಷ್ಟೇ ಇದೆ, ಲೆಕ್ಕ ಸರಿ. ನಮ್ಮ ಬ್ರಾಡ್ ಗೇಜ್ 1676. ಭಾಗಿಸಿದರೆ 19 ದಾಟುತ್ತದೆ. ಆದರೂ ಪೇಟೆಯಲ್ಲಿ ಸುಲಭವಾಗಿ ಸಿಗುವುದು ಹದಿನಾರೂವರೆಯ ಹಳಿ. ಆದ್ದರಿಂದ ಹವ್ಯಾಸಿಗಳು ನಮ್ಮ ಇಂಜಿನ್ನುಗಳ ಮಾದರಿಯನ್ನೂ ಅದರ ಮೇಲೆಯೇ ಓಡಿಸುತ್ತಾರೆ. ಹೊಟಗಿಯಿಂದ ವಿಜಾಪುರ, ಗದಗದ ಕಡೆ ಮೀಟರ್ ಗೇಜ್ ಇದ್ದಾಗ ವ್ಯಾಪಾರ ಮಾಡಿದವರಿಗೆ ಗೇಜಿನ ಬೆಲೆ ಗೊತ್ತು. ಗೇಜು ಬದಲಾದಲ್ಲಿ ಚೀಲ ಇಳಿಸಬೇಕು, ಮತ್ತೆ ಏರಿಸಬೇಕು. ಹಮಾಲಿ ಎರಡು ಸಲ, ಹರಿದ ಚೀಲದ ನಷ್ಟ ಬೇರೆ.

ತೂಕದಲ್ಲಿ ನಮಗೆ ಇನ್ನೊಂದು ಸೋಜಿಗ ಕಂಡಿತು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕವನ್ನು 87ರಿಂದ ಮೂರು ಸಲ ಭಾಗಿಸಬೇಕು. ಡಬ್ಲ್ಯುಡಿಎಂ-2 ತೂಗುವುದು 112.8 ಟನ್. ಮಾದರಿಯ ಲೆಕ್ಕಕ್ಕೆ ಸುಮಾರು 171 ಗ್ರಾಂ ಬಂತು. ಹುಡುಗನ ಇಂಜಿನ್ನನ್ನು ತಕ್ಕಡಿಗೆ ಇಟ್ಟರೆ ಮುನ್ನೂರು ಗ್ರಾಂ ದಾಟಿತು! ಹಗುರಾದರೆ ಗಾಲಿ ಜಾರುತ್ತದೆ, ಡಬ್ಬಿ ಎಳೆಯುವುದಿಲ್ಲ. ಅದಕ್ಕೆ ಒಳಗೆ ಲೋಹದ ತುಂಡು ಕೂಡಿಸುತ್ತಾರಂತೆ.

ಒಂದು ಗುಣ ಮಾತ್ರ ಎರಡಕ್ಕೂ ಸಮ. ನಿಜವಾದ ಇಂಜಿನ್ನಿನಲ್ಲಿಯೂ ಡೀಸೆಲ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಗಾಲಿಯ ಮೋಟಾರು ಓಡುತ್ತದೆ. ಆಟಿಕೆಯಲ್ಲಿಯೂ ಗಾಲಿ ತಿರುಗಿಸುವುದು ಮೋಟಾರೇ. ಆದರೆ ಅದಕ್ಕೆ ವಿದ್ಯುತ್ತು ಹೊರಗಿನಿಂದ, ಹಳಿಯ ಮೂಲಕ ಬರುತ್ತದೆ.

ನಿಜವಾದದ್ದನ್ನು ತೋರಿಸೋಣವೆಂದು ಹುಡುಗನನ್ನು ಸ್ಟೇಶನ್ನಿಗೆ ಕರೆದೊಯ್ದೆವು. ಎರಡು ತಾಸು ಕುಳಿತೆವು. ಬಂದ ಗಾಡಿಗಳೆಲ್ಲ ಮೇಲಿನ ತಂತಿಯಿಂದ ಓಡುವವು. 2023ರಲ್ಲಿ ಮುಂಬಯಿಗೆ ವಂದೇ ಭಾರತ ಶುರುವಾದಾಗ ಹಾರ ಹಿಡಿದು ನೋಡಲು ಹೋಗಿದ್ದ ನಮಗೆ, ಹಳೆಯ ಇಂಜಿನ್ ಎಲ್ಲಿ ಹೋಯಿತೆಂಬ ಯೋಚನೆ ಅಂದು ಬಂದಿರಲಿಲ್ಲ. ಆ ಇಂಜಿನ್ ಬಂದರೆ ಪ್ಲಾಟ್‌ಫಾರ್ಮಿನ ಕಲ್ಲು ಕಾಲಡಿ ನಡುಗುತ್ತಿತ್ತು. ಅದನ್ನು ಯಾವ ಅಳತೆಯಿಂದ ಭಾಗಿಸಿ ಮೊಮ್ಮಗನಿಗೆ ಕೊಡುವುದು?

ಬೆಂಚಿನ ಮೇಲೆಯೇ ಹೇಳಿದೆವು: "ಅಂದು ನೋಡದೇ ಹೇಳಿದೆ ಮಗಾ. ತಪ್ಪು ನನ್ನದು." ಅವನು ಸುಮ್ಮನೆ ನಮ್ಮ ಕೈ ಹಿಡಿದುಕೊಂಡ.

ಮನೆಗೆ ಬಂದು ಇಂಜಿನ್ನಿನ ಡಬ್ಬಿಗೆ ಚೀಟಿ ಅಂಟಿಸಿದ್ದಾನೆ: "ಆಲ್ಕೊ ಆರ್‌ಎಸ್-3. ನಮ್ಮೂರ ಇಂಜಿನ್ ಅಲ್ಲ, ಅದರ ಅಣ್ಣ." ನಲವತ್ತು ವರ್ಷ ಅಂಗಡಿ ನಡೆಸಿದ ನಾವು ಇಷ್ಟು ಚೊಕ್ಕ ಚೀಟಿಯನ್ನು ಯಾವ ಚೀಲಕ್ಕೂ ಕಟ್ಟಿರಲಿಲ್ಲ.