ಗಣಕಯಂತ್ರದ ನಿದ್ರೆ ಮತ್ತು ವಿದ್ಯುತ್ತಿನ ವಿವೇಕ

ಗೋಕಾಕ ಜಲಪಾತದಲ್ಲಿ ಧುಮುಕುವ ಘಟಪ್ರಭೆಯ ನೀರಿನಿಂದ 1887ರಲ್ಲಿಯೇ ವಿದ್ಯುತ್ ಉತ್ಪಾದಿಸಿದ ಸೀಮೆಯಿದು. 1969ರಲ್ಲಿ ಹುಕ್ಕೇರಿಯಲ್ಲಿ ವಿದ್ಯುತ್ ವಿತರಣೆಗೆಂದೇ ಸಹಕಾರಿ ಸಂಘವೊಂದು ಹುಟ್ಟಿತು. ವಿದ್ಯುತ್ತಿನ ಬೆಲೆಯನ್ನು ಇಲ್ಲಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲೆಯಲ್ಲೋ ಸಂಘದ ಕಚೇರಿಯಲ್ಲೋ ಮೇಜಿನ ಮೇಲಿನ ಗಣಕಯಂತ್ರ ಇರುಳಿಡೀ ಚಾಲೂ ಇದ್ದರೆ ಅದು ಪೋಲೆಂದು ಯಾರಿಗೂ ತೋರುವುದಿಲ್ಲ. ಕೇಳಿದರೆ ಬರುವ ಉತ್ತರ ಒಂದೇ: "ಮಲಗಿಸಿದ್ರ ಮತ್ತ ಏಳೂದಿಲ್ರೀ."

ಸುಮ್ಮನೆ ಚಾಲೂ ಇರುವ ಯಂತ್ರವೊಂದು 60 ವ್ಯಾಟ್ ಬಳಸುವುದೆಂದು ಹಿಡಿದರೂ 16 ಗಂಟೆಗಳಲ್ಲಿ ಸುಮಾರು ಒಂದು ಯೂನಿಟ್ ವ್ಯರ್ಥವಾಗುತ್ತದೆ. ಇಪ್ಪತ್ತು ಯಂತ್ರಗಳ ಪ್ರಯೋಗಾಲಯದಲ್ಲಿ ಅದು ರಾತ್ರಿಗೆ 19 ಯೂನಿಟ್. ನಿದ್ರೆಯಲ್ಲಿರುವ ಯಂತ್ರಕ್ಕಾದರೋ ಕೆಲವೇ ವ್ಯಾಟ್ ಸಾಕು.

ಏಳದ ರೋಗಕ್ಕೆ ಮದ್ದುಂಟು. ಪಂಖ ತಿರುಗಿದರೂ ಪರದೆ ಕಪ್ಪಾಗಿದ್ದರೆ ಮೊದಲು ಸಂಶಯಿಸಬೇಕಾದುದು ಗ್ರಾಫಿಕ್ಸ್ ಡ್ರೈವರನ್ನು, ಅದನ್ನು ನವೀಕರಿಸಬೇಕು. ಕೀಲಿಮಣೆಗೆ ಓಗೊಡದಿದ್ದರೆ, ಯಂತ್ರವನ್ನು ಎಬ್ಬಿಸುವ ಅನುಮತಿ ಅದಕ್ಕೆ ಇದೆಯೇ ಎಂದು ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಬೇಕು. ತಾನಾಗಿಯೇ ಎದ್ದು ಕೂರುವ ಯಂತ್ರದಲ್ಲಿ ಬಹುಪಾಲು ನೆಟ್‌ವರ್ಕ್ ಕಾರ್ಡೋ ಮೌಸೋ ತಪ್ಪಿತಸ್ಥ. ವಿಂಡೋಸ್‌ನಲ್ಲಿ 'ಪವರ್‌ಸಿಎಫ್‌ಜಿ' ಆಜ್ಞೆಯು ಎಬ್ಬಿಸಿದವರು ಯಾರು, ಮಲಗಗೊಡದವರು ಯಾರು ಎಂಬುದನ್ನು ತಿಳಿಸುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಿದರೆ ದೋಷದ ಮೂಲ ಸಿಕ್ಕುತ್ತದೆ.

ಹಳ್ಳಿಗಳಲ್ಲಿ ಇನ್ನೊಂದು ತೊಡಕುಂಟು. ಸಾಮಾನ್ಯ ನಿದ್ರೆಯಲ್ಲಿ ಕೆಲಸವೆಲ್ಲ ರ‍್ಯಾಮ್‌ನಲ್ಲಿ ಉಳಿದಿರುತ್ತದೆ. ಕರೆಂಟ್ ಹೋದೊಡನೆ ಅದು ಅಳಿಯುತ್ತದೆ. ಉಳಿಸದೆ ಬಿಟ್ಟ ವಿದ್ಯಾರ್ಥಿಯ ಪ್ರಬಂಧ ಹೋಗುವುದು ಹೀಗೆ. ಯಂತ್ರ ಕೆಟ್ಟಿತೆಂಬ ದೂರು ಹುಟ್ಟುವುದೂ ಎಷ್ಟೋ ಸಲ ಹೀಗೆಯೇ. 'ಹೈಬರ್ನೇಟ್' ವ್ಯವಸ್ಥೆಯಾದರೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಆರಿಸುತ್ತದೆ. ಬಳಿಕ ಗೋಡೆಯ ಸ್ವಿಚ್ ಆರಿಸಿದರೂ ನಷ್ಟವಿಲ್ಲ. ಕರೆಂಟ್ ನೆಚ್ಚಲಾಗದ ಊರುಗಳಿಗೆ ಇದೇ ತಕ್ಕುದು.

ನಿದ್ರೆಯ ಸೌಲಭ್ಯವನ್ನೇ ಕಿತ್ತುಹಾಕಿ "ಸರಿಹೋಯಿತು" ಎನ್ನುವುದು ದುರಸ್ತಿಯಲ್ಲ. ಹೊಸ ಯಂತ್ರ ತಂದು ಹಳೆಯದನ್ನು ಗುಜರಿಗೆ ಹಾಕುವುದಂತೂ ಸೀಸ ಬೆರೆತ ಕಸವನ್ನು ನೆಲಕ್ಕೆ ಸುರಿದಂತೆ. ಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ಒಂದು ಮಧ್ಯಾಹ್ನ ಈ ಪರೀಕ್ಷೆಗಳನ್ನು ಕಲಿಸಿದರೆ ಸಾಕು. ಇರುಳು ಉಳಿದ ಒಂದೊಂದು ಯೂನಿಟ್ಟೂ ಎಲ್ಲಿಯೋ ಉಳಿದ ಕಲ್ಲಿದ್ದಲು, ಎಲ್ಲಿಯೋ ಉಳಿದ ನೀರು.