ಯಜಮಾನನಿಗೆ ಎಡೆ, ಗುಲಾಮರಿಗೆ ಮರೆವು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಜಾಕ್ಸನ್ ಚೌಕದ ಮೂಲೆಯಲ್ಲಿ ‘ಮ್ಯೂರಿಯಲ್ಸ್’ ಎಂಬ ಹೆಸರಾಂತ ರೆಸ್ಟೋರೆಂಟ್ ಇದೆ. ಸತ್ತು ಇನ್ನೂರು ವರ್ಷ ದಾಟಿದ ಮನೆ ಯಜಮಾನನಿಗಾಗಿ ಅಲ್ಲಿ ಬ್ರೆಡ್ಡು, ವೈನು ಇಟ್ಟು ಒಂದು ಮೇಜನ್ನು ಕಾದಿರಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆ.

ಆ ಯಜಮಾನನ ಹೆಸರು ಪಿಯರ್ ಆಂಟ್ವಾನ್ ಲೆಪಾರ್ಡಿ ಜೂರ್ಡಾನ್. 1788ರ ಗುಡ್ ಫ್ರೈಡೇ ದಿನ ಹೊತ್ತಿದ ಬೆಂಕಿ ಊರಿನ ಸುಮಾರು 1,100 ಕಟ್ಟಡಗಳಲ್ಲಿ 856ನ್ನು ನುಂಗಿತ್ತು. ಆ ಬೆಂಕಿಗೆ ಸಿಕ್ಕಿದ್ದ ಮನೆಯನ್ನು ಜೂರ್ಡಾನ್ ಕೊಂಡು, ಆಸೆಪಟ್ಟು ಮತ್ತೆ ಕಟ್ಟಿಸಿದ. 1814ರಲ್ಲಿ ಇಸ್ಪೀಟಿನಾಟದಲ್ಲಿ ಅದನ್ನೇ ಪಣಕ್ಕಿಟ್ಟು ಸೋತ. ಬಿಟ್ಟುಕೊಡುವ ಮೊದಲು ಮಹಡಿಯಲ್ಲಿ ಪ್ರಾಣ ಕಳೆದುಕೊಂಡ. ರೆಸ್ಟೋರೆಂಟಿನವರು ಹೇಳುವ ಕಥೆ ಇದು. 2001ರಲ್ಲಿ ಮ್ಯೂರಿಯಲ್ಸ್ ಶುರುವಾದ ಮೇಲೆ, ಅಂಗಳದ ಬಾರಿನಿಂದ ಗಾಜಿನ ಲೋಟಗಳು ತಾವಾಗಿ ಹಾರಿ ಗೋಡೆಗೆ ಬಡಿದವು ಎಂಬ ಮಾತುಗಳೂ ಸೇರಿಕೊಂಡವು.

ಇದೇ ಕಥೆಯೊಳಗಿನ ಇನ್ನೊಂದು ವಿವರವನ್ನು ಕೇಳುಗರು ದಾಟಿ ಹೋಗುತ್ತಾರೆ. ಅವನು ಸತ್ತನೆನ್ನುವ ಜಾಗ ಗುಲಾಮರನ್ನು ಇರಿಸುತ್ತಿದ್ದ ಭಾಗವಂತೆ. ಈಗ ಅದು ಪ್ರೇತಗಳನ್ನು ಕರೆದು ಮಾತಾಡಿಸುವ ಕೂಟದ ಹೆಸರು ಹೊತ್ತ ಲೌಂಜ್. ಮನೆಯನ್ನು ಜೂಜಿನಲ್ಲಿ ಕಳೆದವನಿಗೆ ಮೇಜು ಸಿಕ್ಕಿದೆ. ತಮ್ಮ ಮೈಮೇಲೂ ತಮಗೆ ಹಕ್ಕಿಲ್ಲದೆ ಅಲ್ಲೇ ಬದುಕಿದವರ ಹೆಸರನ್ನು ಕಥೆ ಹೇಳುವುದೇ ಇಲ್ಲ. ಇದು ಅನ್ಯಾಯ.

ಗುಲಾಮರ ಮಾರಾಟದಲ್ಲಿ ಅಮೆರಿಕದ ಅತಿ ದೊಡ್ಡ ಪೇಟೆಯಾಗಿದ್ದುದು ಇದೇ ನ್ಯೂ ಆರ್ಲಿಯನ್ಸ್. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಪ್ರಜೆ ಸಾಲೊಮನ್ ನಾರ್ಥಪ್‌ನನ್ನು 1841ರಲ್ಲಿ ಅಪಹರಿಸಿ ತಂದು ಮಾರಿದ್ದು ಇಲ್ಲಿಯೇ. ಅವನ ಜೊತೆ ಬಿಕರಿಯಾದ ಎಲೈಜಾ ಎಂಬ ತಾಯಿ ಅಂಗಲಾಚಿದರೂ ಪುಟ್ಟ ಮಗಳು ಎಮಿಲಿಯನ್ನು ಅವಳ ಸಂಗಡ ಕಳಿಸಲು ವ್ಯಾಪಾರಿ ಒಪ್ಪಲಿಲ್ಲ. ನಾರ್ಥಪ್ 1853ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಇದೆಲ್ಲ ದಾಖಲಾಗಿದೆ. ಇಂಥ ಊರಿನಲ್ಲಿ ಭಯ ಹುಟ್ಟಿಸಲು ದೆವ್ವಗಳೇ ಬೇಕಿಲ್ಲ.

ಮ್ಯೂರಿಯಲ್ಸ್ ಒಂದರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಕೆಲವು ಬೀದಿಗಳಾಚೆ, ಗುಲಾಮರನ್ನು ಇಟ್ಟುಕೊಂಡಿದ್ದ ಡೆಲ್ಫಿನ್ ಲಾಲೂರಿ ಎಂಬವಳ ಮನೆಯಿದೆ. 1834ರಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಒಳನುಗ್ಗಿದ ಜನ ಕಂಡದ್ದು ಸರಪಳಿ ಬಿಗಿಸಿಕೊಂಡು ಚಿತ್ರಹಿಂಸೆಯಿಂದ ಜರ್ಜರಿತರಾಗಿದ್ದ ಗುಲಾಮರನ್ನು. ಇಂದು ಅದರೆದುರು ದೆವ್ವದ ಪ್ರವಾಸದ ಗುಂಪುಗಳು ನಿಂತು ಫೋಟೊ ತೆಗೆಯುತ್ತವೆ. ದಕ್ಷಿಣ ರಾಜ್ಯಗಳಲ್ಲಿ ಇಂಥ ಪ್ರವಾಸಗಳ ಜೊತೆ ತಿರುಗಾಡಿ 2015ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ತಿಯಾ ಮೈಲ್ಸ್, ಗುಲಾಮರ ಸಂಕಟ ಇಲ್ಲಿ ಮನರಂಜನೆಯ ಸರಕಾಗುತ್ತಿದೆ ಎಂದು ತೋರಿಸಿಕೊಟ್ಟರು.

ದೆವ್ವದ ಕಥೆ ಇಲ್ಲದಿದ್ದರೆ ಹಳೆಯ ಕಟ್ಟಡದ ಇತಿಹಾಸ ಕೇಳಲು ಯಾರು ಬರುತ್ತಾರೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿದೆ. ಕುತೂಹಲದಿಂದ ಬಂದವರು ದುಡ್ಡು ಕೊಡುತ್ತಾರೆ, ಆ ದುಡ್ಡಿನಿಂದ ಗೋಡೆಗಳು ಉಳಿಯುತ್ತವೆ. ಆದರೆ ಹಾಗೆ ಬಂದವರಿಗೆ ಅರ್ಧ ಕಥೆಯನ್ನಷ್ಟೇ ಹೇಳಿ ಕಳಿಸುವುದೇಕೆ?

ಉಳಿದರ್ಧವನ್ನು ಹೇಳಲು ದಾಖಲೆಗಳ ಕೊರತೆಯೇನೂ ಇಲ್ಲ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ನ್ಯಾಯಾಲಯದ ಕಡತ, ಕ್ರಯಪತ್ರ, ಆಸ್ತಿಪಟ್ಟಿಗಳನ್ನು ವರ್ಷಗಟ್ಟಲೆ ಜಾಲಾಡಿ, ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾದಲ್ಲಿ 1820ರವರೆಗೆ ಇದ್ದ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ವಿವರಗಳನ್ನು ಕಲೆಹಾಕಿದರು. 2000ದಲ್ಲಿ ಅದು ಪ್ರಕಟವಾಯಿತು. ಜೂರ್ಡಾನ್ ಬದುಕಿದ್ದ ಕಾಲವೂ ಅದರೊಳಗೇ ಬರುತ್ತದೆ. 2014ರಲ್ಲಿ ತೆರೆದ ವಿಟ್ನಿ ಪ್ಲಾಂಟೇಶನ್ ವಸ್ತುಸಂಗ್ರಹಾಲಯ ಆ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದೆ. ಯಜಮಾನರ ಬಂಗಲೆಯ ವೈಭವವನ್ನು ಬದಿಗಿಟ್ಟು ಗುಲಾಮರ ಬದುಕನ್ನೇ ಮುಂದಿಟ್ಟ ಈ ಜಾಗಕ್ಕೂ ಜನ ಹುಡುಕಿಕೊಂಡು ಬರುತ್ತಿದ್ದಾರೆ.

ಜೂರ್ಡಾನ್‌ನ ಮೇಜನ್ನು ತೆಗೆಯಬೇಕೆಂದು ಯಾರೂ ಒತ್ತಾಯಿಸಬೇಕಿಲ್ಲ. ರೆಸ್ಟೋರೆಂಟಿನವರು ಆ ಮನೆಗೆ ಸಂಬಂಧಪಟ್ಟ ಕ್ರಯಪತ್ರಗಳನ್ನು ಹುಡುಕಿಸಿ, ಸಿಕ್ಕಷ್ಟು ಗುಲಾಮರ ಹೆಸರು, ವಯಸ್ಸು, ಅವರಿಗೆ ಕಟ್ಟಿದ ಬೆಲೆಯನ್ನು ಮಹಡಿಯ ಆ ಲೌಂಜಿನ ಬಾಗಿಲಲ್ಲಿ ಒಂದು ಫಲಕದ ಮೇಲೆ ಬರೆಸಲಿ. ಗುಂಪು ಕಟ್ಟಿಕೊಂಡು ಬರುವ ಗೈಡುಗಳು ಜೂರ್ಡಾನ್‌ನ ಕಥೆ ಎತ್ತುವ ಮೊದಲು ಅದನ್ನು ಗಟ್ಟಿಯಾಗಿ ಓದಿ ಹೇಳಲಿ.