ಹೊರೆಗೊಂದು ಮಿತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಪಿಕಪ್ ವಾಹನದ ಹೊರೆಯನ್ನು ಅಳೆಯುವುದು ಹೆಚ್ಚಾಗಿ ಕಣ್ಣಂದಾಜಿನಿಂದಲೇ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಹಗುರ. ಅದೇ ಎತ್ತರಕ್ಕೆ ಪೇರಿಸಿದ ಎಳನೀರು ಬಹುಭಾರ. ಈ ಅಂತರ ಕಣ್ಣಿಗೆ ಕಾಣದು.

ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದೇ ಮಿತಿ. ಚಾಲಕ, ಕೂಲಿಯಾಳುಗಳ ತೂಕವೂ ಅದರೊಳಗೇ ಅಡಗಬೇಕು. ಮೀರಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಇಳಿಜಾರಿನಲ್ಲಿ ಬ್ರೇಕು ಸೋತರೆ ತೆರಬೇಕಾದುದು ಜೀವ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟು. ಆ ನಷ್ಟ ಇಡೀ ಊರಿನದು.

ಒಂದೇ ಬಾರಿಗೆ ಸಾಗಿಸೆಂದು ಒತ್ತಾಯಿಸುವ ತೋಟದವರೂ ವ್ಯಾಪಾರಿಗಳೂ ಎರಡನೆಯ ಬಾಡಿಗೆಯನ್ನು ಕೊಡಲು ಸಿದ್ಧರಾಗಲಿ. ಹೊಣೆ ಚಾಲಕನೊಬ್ಬನದಲ್ಲ.